ಚಿಸಾಲೆಯ ಐದು ಹೆಣ್ಣುಮೀನು

ಚಿಸಾಲೆಗೆ ಎಡಗಿವಿ ಕೇಳುವುದಿಲ್ಲ. ಬೇಡದ ಮಾತಿಗೆ ಬಲಗಿವಿಯೂ ಕೇಳುವುದಿಲ್ಲ. ಇಪ್ಪತ್ತೆಂಟು ವರ್ಷ ಮಲಾವಿ ಸರೋವರದಲ್ಲಿ ಮುಳುಗು ಹಾಕಿ, ಬಂಡೆಸಂದಿಯ ಬಣ್ಣದ ಮ್ಬುನಾ ಮೀನು ಹಿಡಿದು, ಪರದೇಶದವರ ಗಾಜಿನ ತೊಟ್ಟಿಗಳಿಗೆ ಕಳಿಸಿದ ಆಸಾಮಿ. ಆ ನೀರಿನ ಒತ್ತಡಕ್ಕೇ ಕಿವಿ ಹೋದದ್ದು.

ಸೆಂಗಾ ಕೊಲ್ಲಿಯ ಈ ಹಳ್ಳಿ ಅವನದಲ್ಲ, ಹೆಂಡತಿ ಎಸ್ನಾತಿಯದು. ಇಲ್ಲಿ ಗಂಡಸರೆಲ್ಲ ಮನೆಯಳಿಯಂದಿರೇ. ಹೆಂಡತಿ ತೀರಿಹೋಗಿ ವರ್ಷವಾದರೆ ಅವಳ ಕಡೆಯವರು ಅಳಿಯನ ತಲೆ ಬೋಳಿಸಿ, ಮರ್ಯಾದೆಯಾಗಿ ಅವನ ತಾಯಿಯ ಊರಿಗೆ ಕಳಿಸಿಕೊಡಬೇಕು. ಎಸ್ನಾತಿ ಹೋಗಿ ವರ್ಷವಾಯಿತು, ತಲೆಯೂ ಬೋಳಾಯಿತು, ಚಿಸಾಲೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ತಾಯಿಯ ಊರಲ್ಲಿ ಅವನ ಗುರುತು ಹಿಡಿಯುವ ಒಂದು ನರಪಿಳ್ಳೆಯೂ ಇಲ್ಲ. ಎಸ್ನಾತಿಯ ಸಮಾಧಿ ಇಲ್ಲಿದೆ, ಅವಳು ಬಳಿದ ಗೋಡೆ ಇಲ್ಲಿದೆ. ಅವನ್ನು ಬಿಟ್ಟು ಹೋಗೆಂದವರಿಗೆ ಅವನು ಎಡಗಿವಿ ಕೊಡುತ್ತಿದ್ದ.

ಅಷ್ಟರಲ್ಲಿ ಎಸ್ನಾತಿಯ ತಮ್ಮ ಮಟೆವೆರೆ ತನ್ನ ವಸತಿಗೃಹದ ಜಗಲಿಗೆ ಮೂರಡಿಯ ಗಾಜಿನ ತೊಟ್ಟಿ ತಂದಿಟ್ಟ. “ಮೀನು ಹೊಂದಿಸಿಕೊಟ್ಟು ಹೊರಡಲಿ,” ಎಂದಳು ಊರ ಯಜಮಾನಿ ಲೊನಿಕಾ. ಆಕೆ ಎಸ್ನಾತಿಯ ಚಿಕ್ಕಮ್ಮ, ಅಂದರೆ ಚಿಸಾಲೆಗೆ ಅತ್ತೆ.

“ಭಾವ, ಹನ್ನೆರಡು ನೀಲಿ ಗಂಡು ತನ್ನಿ. ಮಿರಮಿರ ಮಿಂಚಬೇಕು!” ಎಂದ ಮಟೆವೆರೆ.

“ಹನ್ನೆರಡು ಗಂಡಾ? ಮೂರಡೀಲಿ? ಶುಕ್ರವಾರದೊಳಗೆ ಒಂದೇ ಉಳಿಯುತ್ತೆ, ಅದಕ್ಕೂ ಬಾಲ ಇರಲ್ಲ. ಒಂದು ಗಂಡು, ಐದು ಹೆಣ್ಣು. ಒಂದೇ ಹೆಣ್ಣಾದ್ರೆ ಅಟ್ಟಾಡಿಸಿ ಸಾಯಿಸ್ತಾನೆ. ಐದಾದ್ರೆ ಯಾರ ಹಿಂದೆ ಓಡೋದು ಅಂತ ಅವನೇ ಸುಸ್ತಾಗ್ತಾನೆ. ಜೊತೆಗೆ ಮೂರು ಹಳದಿ, ಪಾಪದವು. ನೀಲಿಗೆ ಇನ್ನೊಬ್ಬ ನೀಲಿ ಕಂಡ್ರೆ ಮೈಯೆಲ್ಲ ಉರಿಯೋದು; ಹಳದಿ ಕಂಡ್ರೆ ಕ್ಯಾರೇ ಅನ್ನಲ್ಲ.”

“ಆ ಹೆಣ್ಣುಗಳು ಕೆಸರು ಬಣ್ಣ ಭಾವ! ಯಾರು ನೋಡ್ತಾರೆ?”

“ನೀನೇನು ಚೆಂದುಳ್ಳಿ ಚೆಲುವನಾ? ನಿಮ್ಮಕ್ಕ ನಿನ್ನ ಸಾಕಲಿಲ್ವಾ?”

ಚಿಸಾಲೆ ತಂದು ಬಿಟ್ಟ. ಮಟೆವೆರೆ ಕೇಳಬೇಕಲ್ಲ! ಅತ್ತ ಭಾವ ಊಟಕ್ಕೆ ಹೋದದ್ದೇ ತಡ, ಇನ್ನೆರಡು ನೀಲಿ ಗಂಡು ತಂದು ಸುರಿದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಒಂದು ಗಂಡು ತೊಟ್ಟಿಯ ಗಾಳಿಕೊಳವೆಯ ಹಿಂದೆ ನಡುಗುತ್ತಿತ್ತು, ಇನ್ನೊಂದು ತೊಟ್ಟಿಯಿಂದ ಹಾರಿ ಅತಿಥಿಯೊಬ್ಬರ ನ್ಸಿಮಾ ಮುದ್ದೆಯ ತಟ್ಟೆಗೆ ಬಿತ್ತು. ಚಿಸಾಲೆ ಎರಡನ್ನೂ ಸರೋವರಕ್ಕೆ ಬಿಟ್ಟುಬಂದ. ಆಮೇಲೆ ಒಳಗಿನ ಕಲ್ಲುಗಳನ್ನೆಲ್ಲ ಕೆಡವಿ ಹೊಸದಾಗಿ ಪೇರಿಸಿದ. ‘ಇದು ನನ್ನ ಜಾಗ’ ಎನ್ನಲು ಯಾರಿಗೂ ಹಳೆಯ ಸಂದಿ ಉಳಿಯಲಿಲ್ಲ, ತೊಟ್ಟಿ ತಣ್ಣಗಾಯಿತು.

ಭಾನುವಾರ ಲೊನಿಕಾ ಬಂದಳು. ಅಳಿಯ ಅತ್ತೆಯ ಮುಖ ನೋಡಿ ಮಾತಾಡುವಂತಿಲ್ಲ. ಹಾಗಾಗಿ ಇಬ್ಬರೂ ತೊಟ್ಟಿಯ ಕಡೆಗೆ ತಿರುಗಿ ನಿಂತರು.

“ಕೆಲಸ ಮುಗೀತು. ಹೊರಡೋರು ಹೊರಡಬಹುದು,” ಎಂದಳು ಅವಳು, ಮೀನಿಗೆ.

“ಒಬ್ಬಳು ಬಾಯಲ್ಲಿ ಮೊಟ್ಟೆ ಇಟ್ಕೊಂಡಿದಾಳೆ,” ಎಂದ ಚಿಸಾಲೆ, ಅವನೂ ಮೀನಿಗೇ. “ಮೂರು ವಾರ ಏನೂ ತಿನ್ನಲ್ಲ. ಮರಿ ಉಗುಳೋವರೆಗೂ ಗೊತ್ತಿದ್ದೋರು ನೋಡ್ಕೋಬೇಕು.”

ಲೊನಿಕಾ ಬಗ್ಗಿ ನೋಡಿದಳು. ಮೀನಿನ ಗಂಟಲು ಉಬ್ಬಿತ್ತು, ಸುಳ್ಳಲ್ಲ. “ಬಸುರಿ ಬಾಣಂತಿ ಇರೋ ಮನೆಯಿಂದ ಆಳು ಕಳಿಸಿದ್ರು ಅನ್ನೋ ಮಾತು ಬೇಡ. ಅವಳು ಬಾಯಿ ಬಿಡಲಿ,” ಎಂದು ಹೊರಟಳು.

ಆ ಹೆಣ್ಣುಮೀನು ಬಾಯಿ ಬಿಡುವ ಹೊತ್ತಿಗೆ ಎರಡನೆಯವಳ ಬಾಯಿ ತುಂಬಿತ್ತು. ಆಮೇಲೆ ಮೂರನೆಯವಳದು. ಆಗಸ್ಟ್ ಹೋಯಿತು, ಬಿಸಿಲಿನ ಅಕ್ಟೋಬರ್ ಹೋಯಿತು, ಮಳೆ ಬಂದು ಮೆಕ್ಕೆಜೋಳ ಮೊಳಕಾಲುದ್ದ ಬೆಳೆಯಿತು. ಒಂದು ಬೆಳಿಗ್ಗೆ ಮಟೆವೆರೆ ಬೆರಳು ಮಡಿಸಿ ಎಣಿಸಿದವನೇ ಹಣೆ ಚಚ್ಚಿಕೊಂಡ.

“ಐದು ಹೆಣ್ಣು ಯಾಕೆ ಅಂತ ಈಗ ಗೊತ್ತಾಯ್ತು! ಎಲಾ ಕಳ್ಳ ಭಾವ!”

ಓಡಿಹೋಗಿ ಚಿಕ್ಕಮ್ಮನನ್ನು ಕರೆತಂದ. ಚಿಸಾಲೆ ಬಲೆ ಮಡಚಿಟ್ಟ. ಗಂಟುಮೂಟೆ ಕಟ್ಟುವುದೇ ಸರಿ ಎಂದುಕೊಂಡ. ಲೊನಿಕಾ ಗಾಜಿಗೆ ಮೂಗು ತಾಗಿಸಿ ಒಂದೊಂದೇ ಹೆಣ್ಣನ್ನು ನೋಡಿದಳು.

“ಈ ಮೂಲೆಯವಳಿಗೆ ವಯಸ್ಸಾಯ್ತು,” ಎಂದಳು ಕೊನೆಗೆ. “ಮುಂದೆ ಯಾವಾಗಲಾದ್ರೂ ಒಂದು ವಾರ ಎಲ್ಲರ ಬಾಯೂ ಖಾಲಿ ಬಿದ್ದೀತು. ಮಟೆವೆರೆ, ಇನ್ನೆರಡು ಹೆಣ್ಣು ತರಿಸು.”

ಚಿಸಾಲೆ ಬೆರಗಾಗಿ ತಲೆಯೆತ್ತಿಬಿಟ್ಟ. ಗಾಜಿನಲ್ಲಿ ಅತ್ತೆಯ ಮುಖ ಕಂಡಿತು. ಮೂವತ್ತು ವರ್ಷದಲ್ಲಿ ಇದೇ ಮೊದಲು. ಅದೇ ಮೂಗು, ನಗು ತಡೆಯುವಾಗ ಓರೆಯಾಗುವ ಅದೇ ತುಟಿ, ಥೇಟ್ ಎಸ್ನಾತಿ. ಅವನಿಗೆ ಕಣ್ಣು ತುಂಬಿ ಬಂತು.

“ನೋಡಿದ್ದು ಸಾಕು,” ಎಂದಳು ಅವಳು, ಮೀನಿಗೆ. “ಹಸಿದಿವೆ, ಮೇವು ಹಾಕಿ.”