ಬಂದೇಅಲಿ ಮಾಸ್ತರರ ಬಲಗಡೆಯ ಡೋಡೋ

ಡೋಡೋ ಹಕ್ಕಿಯ ವಂಶ ಅಳಿದು ಹತ್ತಿರ ಹತ್ತಿರ ಮುನ್ನೂರು ವರ್ಷವಾಯಿತು. ಉಡ ಇನ್ನೂ ನಮ್ಮ ಹೊಲದ ಬದುವಿನಲ್ಲಿ ಮೈ ಕಾಯಿಸಿಕೊಳ್ಳುತ್ತಿದೆ. ಇಷ್ಟು ಸರಳ ಸಂಗತಿಯ ಮೇಲೆ ಈಗ ಒಬ್ಬ ಮಾಸ್ತರರ ನೌಕರಿ ನಿಂತಿದೆ.

ಸೇಡಂ ಸಮೀಪದ ಹಳ್ಳಿಯೊಂದರಲ್ಲಿ ಬಂದೇಅಲಿಯವರು ಇಪ್ಪತ್ತೆರಡು ವರ್ಷ ಉರ್ದುವಿನಲ್ಲಿ ಪಾಠ ಹೇಳಿದವರು. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಶಾಲೆ ಕನ್ನಡಕ್ಕೆ ತಿರುಗಿತು. ಐವತ್ತರ ಹತ್ತಿರದ ಮಾಸ್ತರರು ಮಕ್ಕಳ ಜೊತೆ ಕುಳಿತು ಕಾಗುಣಿತ ತಿದ್ದಿದರು. ಮಾತು ಮೊದಲೇ ಬರುತ್ತಿತ್ತು, ಸಂತೆಯಲ್ಲಿ ಬದನೆಕಾಯಿಗಾಗಿ ಜಗಳವಾಡುವಷ್ಟು. ಅವರಿಗಿರುವ ಚಟ ಒಂದೇ: ದೂರದೇಶದ ಪ್ರಾಣಿಗಳು. ಜೋಳದ ಪಾಠ ಮಾಡಿ ಅಂದರೂ ಅದು ಹೇಗೋ ಯಾವುದೋ ದ್ವೀಪ ಮುಟ್ಟುತ್ತದೆ.

ಹೋದ ತಿಂಗಳು, ಇವರಿಗೆ ಕನ್ನಡದಲ್ಲಿ ಕಲಿಸಲು ಬರುತ್ತದೋ ಇಲ್ಲವೋ ನೋಡಲು ಶಾಲಾ ಇನ್ಸ್‌ಪೆಕ್ಟರರು ಬಂದರು. ಬಾರದಿದ್ದರೆ ಮನೆಗೆ. ಹಡಗಿನಿಂದ ಇಳಿದವರನ್ನು ಕಂಡು ಡೋಡೋ ಓಡಲಿಲ್ಲವಂತೆ; ನಮ್ಮ ಮಾಸ್ತರರೂ ಕುರ್ಚಿ ಒರೆಸಿಕೊಟ್ಟು, ಚಹಾ ತರಿಸಿ, ಹಲಗೆಯ ನಡುವೆ ಒಂದು ಗೆರೆ ಎಳೆದು ಮಕ್ಕಳಿಗೆ ಹೇಳಿದರು:

“ಮೊದಲನೇದು ಡೋಡೋ ಅಂಬೋ ಹಕ್ಕಿ. ಎರಡನೇದು ಕೊಮೋಡೋ ದ್ವೀಪದ ದೊಡ್ಡ ಉಡ. ಗುಣ ನಾ ಬರೀತೀನಿ, ಮ್ಯಾಲ ಹೆಸರು ನೀವು ಹಾಕ್ಕೋರಿ.”

ಕನ್ನಡವನ್ನು ತಪ್ಪಿಲ್ಲದೆ ಬರೆದರು. ಆದರೆ ಇಪ್ಪತ್ತೆರಡು ವರ್ಷ ಬಲದಿಂದ ಎಡಕ್ಕೆ ಬರೆದ ಉರ್ದು ಕೈ. ಮೊದಲನೆಯದನ್ನು ಬಲಗಡೆ ಇಟ್ಟಿತು, ಎರಡನೆಯದನ್ನು ಎಡಗಡೆ. ಮಕ್ಕಳು ಅದನ್ನು ಪಾಟಿಯ ಮೇಲೆ ಇಳಿಸಿಕೊಂಡು ಎಡದಿಂದ ಹೆಸರು ಹಾಕಿಕೊಂಡರು: ಎಡಕ್ಕೆ ಡೋಡೋ, ಬಲಕ್ಕೆ ಉಡ.

“ಡೋಡೋ ಹೇಗಿರುತ್ತದೆ?” ಇನ್ಸ್‌ಪೆಕ್ಟರರು ಕೇಳಿದರು.

ಮುಂದಿನ ಸಾಲಿನ ಹುಡುಗಿ ಭೀಮಬಾಯಿ ಪಾಟಿ ನೋಡುತ್ತ ಎದ್ದಳು. “ಹತ್ತು ಫೂಟು ಉದ್ದ ಇರ್ತದ್ರಿ. ಜಿಂಕಿ ಹಿಡದು ತಿಂತದ್ರಿ.”

“ಮತ್ತೆ ಉಡ?”

“ಹಾರಾಕ ಬರಂಗಿಲ್ರಿ. ಜಗತ್ತಿನಾಗ ಒಂದೂ ಉಳದಿಲ್ರಿ.”

“ಯಾಕ ಸುಳ್ಳ ಹೇಳ್ತಿಯವ್ವಾ,” ಎಂದಳು ಪಕ್ಕದ ಅಮೃತಮ್ಮ, “ನಿನ್ನೆ ನಮ್ಮ ಬಣವಿ ಬುಡಕ ಕುಂತಿತ್ತಲ್ಲ.”

ಮಾಸ್ತರರು ಹಲಗೆ ನೋಡಿದರು, ತಲೆ ಕೆರೆದುಕೊಂಡು ನಕ್ಕರು. “ತಪ್ಪು ನಂದರಿ ಸಾಹೇಬ್ರ. ಕನ್ನಡ ಬರ್ತದ, ಕೈಗೆ ಇನ್ನಾ ದಿಕ್ಕು ಬಂದಿಲ್ಲ.” ಗೆರೆಯ ಎರಡೂ ಕಡೆ ತಾವೇ ಹೆಸರು ಬರೆದು ಮತ್ತೆ ಕೇಳಿದರು. ಇಡೀ ತರಗತಿ ಸರಿಯಾಗಿ ಹೇಳಿತು. ಅಷ್ಟರಲ್ಲಿ ಇನ್ಸ್‌ಪೆಕ್ಟರರು ‘ಕನ್ನಡದಲ್ಲಿ ಕಲಿಸಲು ಅನರ್ಹ’ ಎಂದು ಬರೆದು, ಚಹಾ ಮುಗಿಸಿದ್ದರು.

ಒಂದು ಚೂರು ಸೀಮೆಸುಣ್ಣದಿಂದ ತಿದ್ದಿದ ತಪ್ಪಿಗೆ ಮನುಷ್ಯನನ್ನೇ ಅಳಿಸುವುದೇ? ಸೇಡಂ, ಚಿತ್ತಾಪುರಗಳಲ್ಲಿ ಉಡದ ಹಾಗೆ ಕುರ್ಚಿ ಹಿಡಿದು ಕುಳಿತ ಎಷ್ಟೋ ಜನ ಇವರ ಬಳಿಯೇ ಅಕ್ಷರ ಕಲಿತವರು, ನಿನ್ನೆಯವರೆಗೆ ಉರ್ದುವಿನಲ್ಲೇ ಕಾಗದ ಬರೆದವರು. ಮಾಸ್ತರರನ್ನು ಉಳಿಸಿಕೊಳ್ಳಿ ಎಂಬ ಅರ್ಜಿ ಸೇಡಮ್ಮಿನ ಗುರುಲಿಂಗಯ್ಯನವರ ಬಟ್ಟೆ ಅಂಗಡಿಯಲ್ಲಿದೆ. ಶನಿವಾರದೊಳಗೆ ಹೋಗಿ ಸಹಿ ಮಾಡಿ. ಬಲದಿಂದ ಎಡಕ್ಕೆ ಮಾಡಿದರೂ ನಡೆಯುತ್ತದೆ, ಆದರೆ ಮಾಡಿ.