ಬೀಗದ ಕಂಪನಿಯ ಉತ್ತರದಮ್ಮ

ಆ ಬೀಗದ ಕಂಪನಿಯಲ್ಲಿ ಮುನ್ನೂರು ಜನ ಕೆಲಸಕ್ಕಿದ್ದರು. ಅವರಲ್ಲಿ ಬೀಗವನ್ನು ಕೈಯಿಂದ ಮುಟ್ಟದೆ ಸಂಬಳ ಎಣಿಸುತ್ತಿದ್ದವರು ಇಬ್ಬರೇ. ಒಬ್ಬರು ಎಂ.ಡಿ. ಸಾಹೇಬರು, ಇನ್ನೊಬ್ಬಳು ಉತ್ತರದಮ್ಮ. ಹಾಜರಿ ಪುಸ್ತಕದಲ್ಲಿ ಆಕೆಗೊಂದು ಸರಿಯಾದ ಹೆಸರಿತ್ತು. ಅದನ್ನು ಹಾಜರಿ ಹಾಕುವಾಗ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಎಂ.ಡಿ. ಹೆಸರಿಗೆ ಹೊರಗಿನ ಜನ ಬರೆಯುವ ಕಾಗದಗಳಿಗೆ ಉತ್ತರ ಕಳಿಸುವುದು ಆಕೆಯ ಕೆಲಸ. ಪ್ರತಿ ಸೋಮವಾರ ಬೆಳಿಗ್ಗೆ ಸಾಹೇಬರು ಇಪ್ಪತ್ತು ಖಾಲಿ ಹಾಳೆಗಳಿಗೆ ಸಹಿ ಮಾಡಿ ಕಳಿಸುತ್ತಿದ್ದರು. ಮೇಲೆ ಕಂಪನಿಯ ಹೆಸರು, ಕೆಳಗೆ ಸಹಿ, ನಡುವೆ ಬಯಲು. ಆ ಬಯಲಿನಲ್ಲಿ ಉತ್ತರದಮ್ಮ ಇಪ್ಪತ್ತೆರಡು ವರ್ಷ ಬೇಸಾಯ ಮಾಡಿದಳು. ಆಕೆ ಏನು ಬರೆದಳು ಎಂದು ಸಾಹೇಬರು ಒಮ್ಮೆಯೂ ಕೇಳಲಿಲ್ಲ. ಆಕೆಯೂ ಹೇಳಲು ಹೋಗಲಿಲ್ಲ.

ಎಂಥೆಂಥ ಕಾಗದಗಳು ಬರುತ್ತಿದ್ದವು ಎಂದು ಹೇಳುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯದು. ‘ಹದಿನೆಂಟು ವರ್ಷ ನಿಮ್ಮ ಬೀಗ ನನ್ನ ಅಂಗಡಿ ಕಾದಿದೆ, ಈಗ ತುಕ್ಕು ಹಿಡಿದಿದೆ, ಎಸೆಯಲು ಮನಸ್ಸು ಬಾರದು, ಏನು ಮಾಡಲಿ’ ಎಂದು ಒಬ್ಬರು ಮುದುಕರು. ‘ಮೊದಲು ಹುಟ್ಟಿದ್ದು ಬೀಗವೋ ಕಳ್ಳನೋ’ ಎಂದು ಒಬ್ಬ ವಿದ್ಯಾರ್ಥಿ. ಸಾಹೇಬರ ಸಹಿಯ ಮೇಲೆ ಉತ್ತರದಮ್ಮ ಅವನಿಗೆ ಬರೆದಳು: ‘ಮೊದಲು ಹುಟ್ಟಿದ್ದು ಕಳ್ಳನೇ. ಅವನಿಲ್ಲದಿದ್ದರೆ ನಮ್ಮ ಕಂಪನಿಯೇ ಇರುತ್ತಿರಲಿಲ್ಲ. ಆದರೆ ಈ ಉಪಕಾರವನ್ನು ನಾವು ಅವನಿಗೆ ತಿಳಿಸಿಲ್ಲ, ನೀವೂ ತಿಳಿಸಬೇಡಿ.’ ಆ ವಿದ್ಯಾರ್ಥಿ ಮುಂದಿನ ಮೂರು ವರ್ಷ ಸಾಹೇಬರಿಗೆ ಹೊಸ ವರ್ಷದ ಶುಭಾಶಯ ಕಳಿಸುತ್ತಿದ್ದ. ಸಾಹೇಬರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಹೀಗಿರುವಾಗ ಸಾಹೇಬರು ದೊಡ್ಡ ಅಧಿಕಾರಿಗಳಿಗೆಂದೇ ನಡೆಸಿದ ಮೂರು ದಿನದ ತರಬೇತಿಗೆ ಹೋಗಿ ಬಂದರು. ಬಂದವರೇ ಒಂದು ಸುತ್ತೋಲೆ ಹೊರಡಿಸಿದರು. ಸಾರ್ವಜನಿಕರ ಮತ್ತು ವಿದ್ಯಾರ್ಥಿಗಳ ಪತ್ರಗಳಿಗೆ ಖುದ್ದು ಉತ್ತರಿಸುವುದು ಮೇಲಧಿಕಾರಿಗಳ ಕೆಲಸವಲ್ಲ. ಇನ್ನು ಮುಂದೆ ಎಲ್ಲರಿಗೂ ಒಂದೇ ಅಚ್ಚಾದ ಕಾರ್ಡು. ‘ನಿಮ್ಮ ಪತ್ರ ತಲುಪಿದೆ. ವಂದನೆಗಳು.’ ಸೋಮವಾರದ ಸಹಿ ನಿಂತಿತು. ಉತ್ತರದಮ್ಮ ಡ್ರಾಯರ್ ಎಳೆದು ನೋಡಿದರೆ ಸಹಿಯಾದ ಹಾಳೆ ಏಳು ಉಳಿದಿದ್ದವು.

ಮನೆಯಲ್ಲಿ ಗಂಡನ ಹತ್ತಿರ ಹೇಳಿಕೊಂಡಳು. ಗಂಡ ಬಸ್ ಕಂಡಕ್ಟರ್. ಲೋಕದ ಎಲ್ಲ ನ್ಯಾಯವನ್ನೂ ಆತ ಬಸ್ಸಿನಲ್ಲಿ ಕೂರಿಸಿಯೇ ತೂಗುವವನು.

“ನಿಮ್ಮ ಸಾಹೇಬ್ರು ಹೇಳೋದ್ರಲ್ಲಿ ತಪ್ಪೇನಿದೆ? ದಾರೀಲಿ ಕೈ ತೋರಿಸಿದವರಿಗೆಲ್ಲ ನಿಲ್ಲಿಸ್ತಾ ಹೋದ್ರೆ ಬಸ್ಸು ಊರು ಸೇರುತ್ತಾ?”

“ನಿಲ್ಲಿಸ್ಬೇಡಿ. ಮುಂದಿನ ಸ್ಟಾಪಿಗೆ ಬನ್ನಿ ಅಂತ ಕೈಯಾದ್ರೂ ತೋರಿಸ್ತೀರಲ್ಲ?”

“ನಾವು ತೋರಿಸಲ್ಲ. ಮುಖ ಆ ಕಡೆ ತಿರುಗಿಸ್ಕೋತೀವಿ.”

“ಅದಕ್ಕೇ ಜನ ನಿಮ್ಮನ್ನ ಬೈಯೋದು,” ಎಂದು ಉತ್ತರದಮ್ಮ ತಟ್ಟೆ ಎತ್ತಿಕೊಂಡು ಎದ್ದಳು.

ಏಳು ಹಾಳೆಗಳನ್ನು ಆಕೆ ಜಿಪುಣಿಯ ಹಾಗೆ ಖರ್ಚು ಮಾಡಿದಳು. ಅಚ್ಚಿನ ಕಾರ್ಡು ಸಾಕು ಎನ್ನುವವರಿಗೆ ಕಾರ್ಡೇ ಹೋಯಿತು. ನಿಜ ಹೇಳಬೇಕೆಂದರೆ ಮುಕ್ಕಾಲು ಪಾಲು ಜನಕ್ಕೆ ಅದು ಸಾಕೂ ಆಗುತ್ತಿತ್ತು. ಹಾಳೆ ಹೋದದ್ದು ತೀರಾ ಬೇಕಿದ್ದವರಿಗೆ ಮಾತ್ರ. ಎರಡು ತಿಂಗಳಲ್ಲಿ ಆರು ಮುಗಿದು ಒಂದು ಉಳಿಯಿತು. ಆಗ ಬಂತು ಗೆರೆ ಹಾಳೆಯ ಮೇಲೆ ದುಂಡಗೆ ಬರೆದ ಈ ಕಾಗದ.

‘ಮಾನ್ಯರೇ, ನಾನು ಎಂಟನೇ ತರಗತಿಯ ಹುಡುಗಿ. ನಮ್ಮ ಮನೆ, ದೊಡ್ಡಮ್ಮನ ಮನೆ ಅಕ್ಕಪಕ್ಕ. ಎರಡಕ್ಕೂ ನಿಮ್ಮದೇ ಬೀಗ. ಮೊನ್ನೆ ಶಾಲೆಯಿಂದ ಪುಸ್ತಕ ಓದುತ್ತಾ ಬಂದು, ಬೀಗ ತೆಗೆದು, ಒಳಗೆ ಹೋಗಿ ನೀರು ಕುಡಿದೆ. ಕುಡಿದಾದ ಮೇಲೆ ಲೋಟ ನಮ್ಮದಲ್ಲ ಎಂದು ಗೊತ್ತಾಯಿತು. ನೋಡಿದರೆ ಮನೆಯೂ ನಮ್ಮದಲ್ಲ. ಹೆದರಿ ಬೀಗ ಹಾಕಿ ಓಡಿ ಬಂದೆ. ಕಂಪಾಸ್ ಪೆಟ್ಟಿಗೆ ಅಲ್ಲೇ ಬಿಟ್ಟುಬಂದೆ. ಅಮ್ಮನಿಗೂ ದೊಡ್ಡಮ್ಮನಿಗೂ ಮೊದಲೇ ಮಾತಿಲ್ಲ. ಈಗ ದೊಡ್ಡಮ್ಮ, ನನ್ನ ಅಮ್ಮ ಕಳ್ಳ ಕೀಲಿಕೈ ಮಾಡಿಸಿ ಇಟ್ಟುಕೊಂಡಿದ್ದಾಳೆ ಎಂದು ಬೀದಿಗೆಲ್ಲ ಹೇಳಿದ್ದಾರೆ. ನಾನು ನಡೆದದ್ದು ಹೇಳಿದರೆ, ಒಂದು ಬೀಗದ ಕೀಲಿಕೈ ಇನ್ನೊಂದಕ್ಕೆ ಹೇಗೆ ಹಿಡಿಯುತ್ತೆ, ನಿನ್ನಮ್ಮ ಹೇಳಿಕೊಟ್ಟಿದ್ದಾಳೆ ಅನ್ನುತ್ತಾರೆ. ಅಮ್ಮ ನಲ್ಲಿಗೆ ಹೋಗುವುದನ್ನೂ ಬಿಟ್ಟಿದ್ದಾಳೆ. ನೀವು ಎಷ್ಟು ಬಗೆಯ ಕೀಲಿಕೈ ಮಾಡುತ್ತೀರಿ? ದಯವಿಟ್ಟು ನೀವೇ ಬರೆಯಿರಿ. ದೊಡ್ಡಮ್ಮ ಸಣ್ಣಪುಟ್ಟವರ ಮಾತು ನಂಬುವುದಿಲ್ಲ.’

ವಾರಗಿತ್ತಿಯರ ಎಣ್ಣೆ ಸೀಗೆಕಾಯಿ ಸಂಬಂಧ ಉತ್ತರದಮ್ಮನಿಗೆ ಹೊಸದೇನಲ್ಲ, ಆಕೆಗೂ ಇಬ್ಬರು ವಾರಗಿತ್ತಿಯರಿದ್ದರು. ಲೋಟದ ಸಂಗತಿಗೆ ನಕ್ಕಳು. ನಲ್ಲಿಯ ಸಂಗತಿಗೆ ಬಂದಾಗ ನಗು ನಿಂತಿತು. ಕಾಗದ ಹಿಡಿದು ಕೀಲಿಕೈ ಕೊರೆಯುವ ವಿಭಾಗಕ್ಕೆ ಹೋದಳು. ಅಲ್ಲಿನ ಮೇಸ್ತ್ರಿ ಮೂವತ್ತು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವನು.

“ಮೇಸ್ತ್ರಿ, ನಾವು ಎಷ್ಟು ಥರದ ಕೀಲಿಕೈ ಮಾಡ್ತೀವಿ?”

“ಚಿಕ್ಕ ಬೀಗಕ್ಕಾ? ಮುನ್ನೂರ ಅರವತ್ತು.”

“ಆಮೇಲೆ?”

“ಆಮೇಲೇನು, ಮತ್ತೆ ಒಂದರಿಂದ ಶುರು.” ಮೇಸ್ತ್ರಿ ಸುತ್ತ ನೋಡಿ ದನಿ ತಗ್ಗಿಸಿದ. “ಒಂದು ಪೆಟ್ಟಿಗೇಲಿ ಎರಡು ಒಂದೇ ಥರದ್ದು ಬರದ ಹಾಗೆ ನೋಡ್ಕೋತೀವಿ. ಆದ್ರೆ ಒಂದೇ ಅಂಗಡಿಗೆ ಎರಡು ಪೆಟ್ಟಿಗೆ ಹೋದ್ರೆ ದೇವರೇ ಗತಿ. ನಾನು ಹೇಳಿದೆ ಅಂತ ಹೇಳ್ಬೇಡಿ ತಾಯಿ.”

ಉತ್ತರದಮ್ಮ ಬಂದು ಕೊನೆಯ ಹಾಳೆಯನ್ನು ಟೈಪ್ ಮಿಷನ್ನಿಗೆ ಏರಿಸಿದಳು. ಬೆರಳು ಮೇಲೇಳಲಿಲ್ಲ. ಇಷ್ಟು ವರ್ಷ ಸಾಹೇಬರ ಬಾಯಲ್ಲಿ ಆಕೆ ಸಾವಿರಾರು ಮಾತು ಹೇಳಿಸಿದ್ದಳು. ಅವೆಲ್ಲ ಧನ್ಯವಾದ, ಸಮಾಧಾನ, ತಮಾಷೆ. ಯಾರ ಗಂಟೂ ಹೋಗುವಂಥದ್ದಲ್ಲ. ಇದು ತಪ್ಪೊಪ್ಪಿಗೆ. ಇನ್ನೊಬ್ಬರ ತಪ್ಪನ್ನು ಅವರ ಬೆನ್ನ ಹಿಂದೆ ಒಪ್ಪಿಕೊಳ್ಳುವುದು ಯಾವ ಸೀಮೆ ನ್ಯಾಯ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಾಲ್ಕು ಸಾಲು ಬರೆಯಬಹುದಿತ್ತು, ಆದರೆ ಅದರಿಂದ ಆ ತಾಯಿ ಮತ್ತೆ ನಲ್ಲಿಗೆ ಹೋಗುವಂತಾಗುತ್ತಿರಲಿಲ್ಲ. ಹಾಳೆಯನ್ನು ಮಿಷನ್ನಿನಿಂದ ಎಳೆದು, ಹುಡುಗಿಯ ಕಾಗದದ ಜೊತೆ ಹಿಡಿದು, ಸಾಹೇಬರ ಕೋಣೆಗೆ ನಡೆದಳು. ಕೆಲಸ ಹೋದರೆ ಗಂಡನಿಗೆ ಏನು ಹೇಳುವುದೆಂದು ಮೆಟ್ಟಿಲ ಮೇಲೆ ಯೋಚಿಸಿದಳು.

ಸಾಹೇಬರು ಕಾಗದ ಓದಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೊದಲು ಕೇಳಿದ್ದು, “ಇದನ್ನ ಬೇರೆ ಯಾರಿಗಾದ್ರೂ ತೋರಿಸಿದ್ರಾ?”

“ಇಲ್ಲ ಸಾರ್.”

“ಕಾರ್ಡ್ ಕಳಿಸಿಬಿಡಿ.”

“ಕಾರ್ಡಿಂದ ಆಗಲ್ಲ ಸಾರ್. ನೀವೇ ಬರೀಬೇಕಂತೆ.”

“ಅಲ್ಲಮ್ಮ, ಕೇಳಿದವರಿಗೆಲ್ಲ ಎಂ.ಡಿ. ಉತ್ತರ ಬರೀತಾ ಕೂತ್ರೆ ಬೀಗ ಮಾಡೋರು ಯಾರು?”

“ಬೀಗ ಮೇಸ್ತ್ರಿಗಳು ಮಾಡ್ತಾರೆ ಸಾರ್.”

ಸಾಹೇಬರು ಮುಖ ಎತ್ತಿ ನೋಡಿದರು. ಉತ್ತರದಮ್ಮನಿಗೆ ತನ್ನ ಬಾಯಿಂದ ಬಂದದ್ದು ಕೇಳಿ ತನಗೇ ಗಾಬರಿಯಾಯಿತು. ಆದರೆ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ, ಮುಂದಕ್ಕೇ ಹೋಗಬೇಕು.

“ಎಲ್ಲರಿಗೂ ಬರೀರಿ ಅಂತ ನಾನು ಹೇಳ್ತಿಲ್ಲ ಸಾರ್. ಬೀಗದ ಬಣ್ಣ ಕೇಳಿದವರಿಗೆ ನಾನಿದ್ದೀನಿ, ಕಾರ್ಡಿದೆ. ಆದ್ರೆ ಆ ಮನೇಲಿ ಕೆಟ್ಟ ಹೆಸರು ಬಂದಿರೋದು ಅವಳ ಅಮ್ಮನಿಗೆ. ಬರಬೇಕಾಗಿದ್ದು ನಮಗೆ.”

“ಇವತ್ತು ಇವಳಿಗೆ ಬರೆದ್ರೆ ನಾಳೆ ಊರಿಗೆಲ್ಲ ಗೊತ್ತಾಗುತ್ತೆ.”

“ಗೊತ್ತಾಗಬಹುದು ಸಾರ್. ಅದಕ್ಕೇ ನಾನು ಬರೀದೆ ನಿಮ್ಮ ಹತ್ರ ಬಂದೆ. ನಿಮ್ಮ ಸಹಿ ಇರೋ ಹಾಳೆ ನನ್ನ ಕೈಲೇ ಇತ್ತು.” ಆಕೆ ಅದನ್ನು ಮೇಜಿನ ಮೇಲಿಟ್ಟಳು.

ಸಾಹೇಬರು ಆ ಹಾಳೆಯನ್ನು, ಅದರ ನಡುವಿನ ಬಯಲನ್ನು ನೋಡಿದರು. ತಮ್ಮ ಹೆಸರಿನಲ್ಲಿ ಏನು ಬೇಕಾದರೂ ಹೊರಗೆ ಹೋಗಬಹುದಿತ್ತು ಎಂಬುದು ಅವರಿಗೆ ಅಂದೇ ಹೊಳೆದಂತೆ ಕಂಡಿತು. ಹಳೆಯ ಉತ್ತರಗಳ ನಕಲು ತರಲು ಹೇಳಿದರು. ಉತ್ತರದಮ್ಮ ಎರಡು ಕಡತ ಹೊತ್ತು ತಂದಳು. ಸಾಹೇಬರು ಮುದುಕರ ತುಕ್ಕಿನ ಬೀಗದ ಉತ್ತರ ಓದಿದರು. ಕಳ್ಳನ ಉತ್ತರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇನ್ನೊಂದು, ಮತ್ತೊಂದು.

“ನಾನು ಇಷ್ಟು ಒಳ್ಳೆಯವನಾ?”

“ಕಾಗದದಲ್ಲಿ ಹೌದು ಸಾರ್.”

ಈ ಸಲ ಸಾಹೇಬರು ನಗಲಿಲ್ಲ. ಸಹಿಯಾಗಿದ್ದ ಹಾಳೆಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿ, ಹೊಸ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದರು. ಐದನೆಯದನ್ನು ತಂದು, “ಒಂಚೂರು ತಿದ್ದಿಕೊಡಿ,” ಎಂದರು. ಉತ್ತರದಮ್ಮ ಓದಿದಳು. ಮುನ್ನೂರ ಅರವತ್ತು ಎಂಬ ಮಾತು ಇತ್ತು, ತಪ್ಪು ನಮ್ಮದು, ನಿನ್ನ ಅಮ್ಮನದಲ್ಲ ಎಂಬ ಮಾತೂ ಇತ್ತು. ವಾಕ್ಯಗಳು ಎಡವುತ್ತಾ ಎಡವುತ್ತಾ ನಡೆದಿದ್ದವು. ಆಕೆ ಒಂದಕ್ಷರವನ್ನೂ ಮುಟ್ಟದೆ ಲಕೋಟೆಗೆ ಹಾಕಿ, ತಾನೇ ಅಂಚೆ ಡಬ್ಬದವರೆಗೆ ಹೋಗಿ ಬಂದಳು.

ಹದಿನೈದು ದಿನ ಇಬ್ಬರಿಗೂ ನಿದ್ದೆ ಅಷ್ಟಕ್ಕಷ್ಟೇ. ಟಪಾಲು ಬಂದಾಗಲೆಲ್ಲ ಸಾಹೇಬರು ಏನೋ ನೆಪ ಮಾಡಿಕೊಂಡು ಆಕೆಯ ಮೇಜಿನ ಹತ್ತಿರ ಸುಳಿಯುತ್ತಿದ್ದರು. ಹದಿನಾರನೇ ದಿನ ಗೆರೆ ಹಾಳೆಯ ಕಾಗದ ಬಂತು. ಉತ್ತರದಮ್ಮ ಅದನ್ನು ಒಡೆಯದೆ ಹಾಗೇ ಒಳಗೆ ಕಳಿಸಿದಳು. ಐದೇ ನಿಮಿಷದಲ್ಲಿ ಸಾಹೇಬರು ಅದನ್ನು ಹಿಡಿದು ಆಕೆಯ ಮುಂದೆ ನಿಂತಿದ್ದರು.

‘ಮಾನ್ಯರೇ, ನಿಮ್ಮ ಕಾಗದ ತಲುಪಿತು. ಅಮ್ಮ ಅದನ್ನು ತಾನೇ ದೊಡ್ಡಮ್ಮನ ಮನೆಗೆ ತೆಗೆದುಕೊಂಡು ಹೋದಳು. ಇಬ್ಬರೂ ಹೊಸಿಲ ಮೇಲೆ ಕೂತು ಎರಡು ಸಲ ಓದಿದರು. ದೊಡ್ಡಮ್ಮ ಕಂಪಾಸ್ ಪೆಟ್ಟಿಗೆ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ನಿಮ್ಮನ್ನು ಬೈಯಲು ಶುರು ಮಾಡಿದರು. ಇವತ್ತಿಗೂ ನಿಲ್ಲಿಸಿಲ್ಲ. ನಲ್ಲಿಯ ಹತ್ತಿರವೂ ಅದೇ ಮಾತು. ನಿಮಗೆ ತಿಳಿದಿರಲಿ ಎಂದು ಬರೆದೆ.’

“ಇದಕ್ಕೆ ಏನಂತ ಉತ್ತರ ಬರೀತೀರಿ?” ಎಂದು ಸಾಹೇಬರು ಅಭ್ಯಾಸಬಲದಿಂದ ಕಾಗದ ಚಾಚಿದರು.

ಉತ್ತರದಮ್ಮ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. ಇಪ್ಪತ್ತೆರಡು ವರ್ಷ ಅವರಿಗೆ ಬಂದ ಹೊಗಳಿಕೆಯೆಲ್ಲ ಈಕೆಯದು. ಅದನ್ನು ಅವರ ಹೆಸರಿನ ಕಡತದಲ್ಲಿಟ್ಟು ಸುಮ್ಮನಿದ್ದಳು.

“ಇದು ಮಾತ್ರ ನಿಮಗೇ ಬಂದಿರೋದು ಸಾರ್,” ಎಂದಳು.

ಸಾಹೇಬರು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ಜೋಪಾನವಾಗಿ ಮಡಿಸಿ, ಕಡತಕ್ಕೆ ಕೊಡದೆ, ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದರು.