ಡೊಮೇನಿಗೂ ಬಂದ ಆಷಾಢ

ಗೆಳೆಯರೇ, ಶಿಡ್ಲಘಟ್ಟದ ನಮ್ಮ ಮಾವನ ವೆಬ್‌ಸೈಟು ಇವತ್ತೂ ಜಾಗ ಬಿಟ್ಟು ಕದಲಲಿಲ್ಲ.

ರೇಷ್ಮೆ ನೂಲಿನ ವ್ಯಾಪಾರಕ್ಕೆಂದು ಮಾವ ಮೇ ತಿಂಗಳಲ್ಲಿ ಅಂಗಡಿಯ ಹೆಸರಿನಲ್ಲೇ ಒಂದು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಕೊಂಡಿದ್ದರು. ಮಾರಿದ ಕಂಪನಿಯವರು ಆಮೇಲೆ ಫೋನನ್ನೇ ಎತ್ತಲಿಲ್ಲ. ಸೈಟು ಆಗಾಗ ಮಾಯವಾಗುತ್ತಿತ್ತು, ಕಂಚಿಯ ಗಿರಾಕಿಗಳು ಅಂಗಡಿ ಮುಚ್ಚಿಬಿಟ್ಟಿರಾ ಎಂದು ಕೇಳತೊಡಗಿದರು. ಬೇರೆ ಕಂಪನಿಗೆ ವರ್ಗಾಯಿಸೋಣವೆಂದರೆ, ಹೊಸದಾಗಿ ಕೊಂಡ ಹೆಸರನ್ನು ಅರವತ್ತು ದಿನ ಎಲ್ಲಿಗೂ ಒಯ್ಯುವಂತಿಲ್ಲವೆಂಬ ನಿಯಮ. ಅದನ್ನು ಹೇಳಿದ ಹೊಸ ಕಂಪನಿಯ ಹುಡುಗಿಗೆ ಮಾವ ಫೋನಿನಲ್ಲೇ ಪಾಠ ಮಾಡಿದ್ದರು: “ಕಂಪ್ಯೂಟರ್ ಕಾಲದಲ್ಲೂ ಇಂಥ ಮೂಢನಂಬಿಕೆ ಇಟ್ಕೊಂಡಿದ್ದೀರಲ್ಲಮ್ಮ.”

ಆ ಗಡುವು ನಿನ್ನೆಗೆ ಮುಗಿಯಿತು. ಇವತ್ತು ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದೆ. ಕಂಪ್ಯೂಟರಿನಲ್ಲಿ ಕೇಳಿದ್ದನ್ನೆಲ್ಲ ತುಂಬಿ, “ಮಾವ, ಒತ್ಲಾ?” ಎಂದೆ. ಮಾವ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

“ಬೇಡ ಕಣಪ್ಪ, ಆಷಾಢ ಬಿದ್ದೈತೆ. ಶ್ರಾವಣದಲ್ಲಿ ಮಾಡಣ.”

“ಇದೂ ಅವರ ರೂಲ್ಸಿನ ಥರಾನೇ ಅಲ್ವಾ ಮಾವ?”

“ಅದು ಯಾರೋ ಮಾಡಿದ್ದು. ಇದು ನಮ್ಮ ಹಿರಿಯರು ಮಾಡಿದ್ದು.”

ಕಾಫಿ ತಂದ ಅತ್ತೆ ಲೋಟ ಇಡುತ್ತಾ ತೀರ್ಪು ಕೊಟ್ಟರು: “ಬಿಡಪ್ಪ, ಹೊಸ ಸೊಸೆ ಇದ್ದಂಗೆ. ಆಷಾಢ ಒಂದು ಕಳೆಯೋಗಂಟ ತವರಲ್ಲೇ ಇರಲಿ.”

ಅತ್ತೆಯ ಮಾತನ್ನು ನಾನು ತೆಗೆದುಹಾಕುವವನಲ್ಲ. ಆದರೆ ತವರು ಎಂದಮೇಲೆ ಅಲ್ಲಿ ಯಾರಾದರೂ ಒಬ್ಬರು ಫೋನ್ ಎತ್ತಬೇಕಲ್ಲ.